ಕೂತವರ ಮುಂದೆ ಹಾದುಹೋಗುವಾಗ

ಹೀಟರ್ ಟಿಕ್ ಟಿಕ್ ಅನ್ನುತ್ತಿದೆ, ಇನ್ನೂ ಕಾದಿಲ್ಲ, ಕಾಯುವ ಮೊದಲು ಸುಟ್ಟ ಧೂಳಿನ ಈ ವಾಸನೆ ಬರಲೇಬೇಕು ಅದಕ್ಕೆ, ಅದರ ಮೇಲೆ ಅಕೆನೇಸೆ ಅತ್ತೆ ಬಟ್ಟೆ ಮುಚ್ಚಿ ತಂದಿಟ್ಟ ತೆಂಗಿನಹಾಲಿನ ಬನ್ನುಗಳ ಸಿಹಿ ವಾಸನೆ, ಎರಡೂ ಸೇರಿವೆ, ನನಗೆ ಹೆದರಿಕೆ, ಪೂರ್ತಿ ಹೆದರಿಕೆಯೂ ಅಲ್ಲ, ಶಾಲೆಯ ಓಟದಲ್ಲಿ ಗೆರೆಯ ಮೇಲೆ ಕಾಲಿಟ್ಟು ಸೀಟಿಗೆ ಕಾಯುವಾಗ ಆಗುತ್ತಿತ್ತಲ್ಲ, ಅದು. ಮಾಡಿನ ತಗಡನ್ನು ಗಾಳಿ ಎತ್ತಿ ಎತ್ತಿ ಬಡಿಯುತ್ತಿದೆ, ಈ ಪೊರಿರುವಾ ಊರಿನ ಗಾಳಿಗೆ ಬೇರೆ ಕೆಲಸವಿಲ್ಲ, ಈ ಶೆಡ್ಡು ಉಣ್ಣೆಯ ಗೋದಾಮಾಗಿದ್ದಾಗ ಒಳಗೆ ಬೆಚ್ಚಗಿತ್ತೇನೋ, ಈಗ ಸುತ್ತ ಕಂಬಕ್ಕೆ ಬಿಗಿದ ಕ್ಯಾಮೆರಾಗಳು, ನಡುವೆ ಬರಿ ನೆಲ, ನೆಲದ ಮೇಲೆ ಅತ್ತೆಯ ಮನೆಯಿಂದ ತಂದು ಹಾಸಿದ ಚಾಪೆ. ಕಂಪ್ಯೂಟರಿನ ಪರದೆಯ ಮೇಲೂ ಅತ್ತೆಯ ಮನೆಯೇ, ಗೋಡೆ ಗೋಡೆ ಅಳೆದು ಕಟ್ಟಿದ್ದು, ಉದ್ದನೆಯ ಮುಂದಿನ ಕೋಣೆ, ಚಿಪ್ಪಿನ ಹಾರ ಹಾಕಿದ ಅಜ್ಜನ ಫೋಟೊ, ಆಚೆ ಅಡುಗೆಮನೆಯ ಬಾಗಿಲು, ಆ ಬಾಗಿಲಿನಿಂದ ಇನ್ನೇನು ಒಬ್ಬಳು ಬರಬೇಕು, ಎಲ್ಲಿಯೂ ಹುಟ್ಟದ ಹುಡುಗಿ, ನಮ್ಮ ಯಂತ್ರ ಹೆಜ್ಜೆ ಹೆಜ್ಜೆಗೂ ಹೊಸದಾಗಿ ಹೆಣೆಯುವ ಹುಡುಗಿ. ಅವಳು ಬಾಗುತ್ತಾಳೋ ಇಲ್ಲವೋ, ಅಷ್ಟೇ ಈವತ್ತಿನ ಮಾತು. ಕೂತವರ ಮುಂದೆ ಅವಳು ಬಾಗಿ ದಾಟಿದರೆ ನನ್ನ ಮನೆಯವರ ನಡಿಗೆ ಯಂತ್ರದಲ್ಲಿ ಉಳಿಯುತ್ತದೆ, ಕಂಡ ಕಂಡಲ್ಲಿ ಬಾಗಿದರೆ, ಅಥವಾ ಬಾಗದೇ ಹೋದರೆ, ಮನೆಯವರಿಂದ ತೆಗೆದ ಅಷ್ಟೂ ರೆಕಾರ್ಡಿಂಗನ್ನು ಡಂಕನ್ ಪಕ್ಕಕ್ಕೆ ತಳ್ಳುತ್ತಾನೆ, ಹಳೆಯ ನಡಿಗೆಗಳನ್ನೇ ತುಂಬಿ ನರ್ಸಿಂಗ್ ಕಾಲೇಜಿಗೆ ಕೊಟ್ಟು ಮುಗಿಸುತ್ತಾನೆ. ಮೊನ್ನೆಯೇ ಹೇಳಿದ್ದಾನೆ, ಪರೀಕ್ಷೇಲಿ ಸರಿಬಂದ್ರೆ ಇಟ್ಕೊಳ್ಳೋಣ ಪೆನೀನಾ, ಇಲ್ಲಾಂದ್ರೆ ಇನ್ನು ಹಿಂಜೋದು ಬೇಡ.

ಡಂಕನ್ ಕೆಟ್ಟವನಲ್ಲ, ನಮ್ಮ ತಂಡದ ಮುಖ್ಯಸ್ಥ ಅನ್ನುವುದನ್ನು ಬಿಟ್ಟರೆ ಅವನ ಮೇಲೆ ನನಗೆ ಬೇರೆ ದೂರಿಲ್ಲ, ಅವನಿಗೆ ಬೇಕಾದದ್ದು ಕೆಲಸ ಮುಗಿಯುವುದು, ಅದರಲ್ಲಿ ತಪ್ಪೇನು — ಆದರೆ ಆ ಹಳೆಯ ನಡಿಗೆಗಳು, ಅಯ್ಯೋ ಅವು, ಯಾವುದೋ ದೇಶದ ಯಾವುದೋ ಶೆಡ್ಡಿನಲ್ಲಿ ಯಾರೋ ಪಡ್ಡೆ ಹುಡುಗರನ್ನು ನಡೆಸಿ ಹಿಡಿದದ್ದು, ಎದೆ ಮುಂದೆ, ಗಲ್ಲ ಮೇಲೆ, ತೋಳು ಬೀಸಿಕೊಂಡು, ಪರದೆಯ ಮನೆಯೊಳಗೆ ಅವರನ್ನು ಬಿಟ್ಟರೆ ಚಾಪೆಯ ಮೇಲೆ ಕೂತ ಮುದುಕರ ಮೂಗಿನ ಮುಂದೆ ಬಸ್‌ ಹಿಡಿಯುವವರ ಹಾಗೆ ಹೋಗುತ್ತಿದ್ದರು. ಅದನ್ನು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು, ಇಲ್ಲದ ಮನುಷ್ಯರ ಮೇಲೆ ನಿಜವಾದ ಸಿಟ್ಟು, ಪರದೆಯನ್ನೇ ಗದರಬೇಕು ಅನ್ನಿಸಿತ್ತು. ಈ ಮನೆ ಆಟಕ್ಕಲ್ಲ, ಹೊಸ ನರ್ಸುಗಳು ದ್ವೀಪಗಳಿಂದ ಬಂದ ನಮ್ಮಂಥವರ ಮನೆಗೆ ಹೋಗುವ ಮೊದಲು ಇಲ್ಲಿ ಓಡಾಡಿ ಕಲಿಯಲಿ ಎಂದು ಮಾಡಿದ್ದು, ಕಾಲೇಜಿನ ಜಿಲಿಯನ್ ಮೊದಲ ಭೇಟಿಯಲ್ಲೇ ಹೇಳಿದ್ದಳು, ಅವಳ ಹತ್ತಿರ ಕಲಿತ ಒಬ್ಬ ಹುಡುಗಿ ಒಂದು ಮನೆಗೆ ಹೋಗಿ ಗಾಯ ತೊಳೆದು ಕಟ್ಟಿ ಎಲ್ಲ ಚೆನ್ನಾಗಿಯೇ ಮಾಡಿದಳಂತೆ, ಹೊರಡುವಾಗ ನೆಲದ ಮೇಲೆ ಕೂತಿದ್ದ ತಾತನ ಕಾಲನ್ನು ದಾಟಿಕೊಂಡು ಹೋದಳಂತೆ, ಮನೆಯವರು ನಕ್ಕು ಕಳಿಸಿಕೊಟ್ಟರಂತೆ, ಮತ್ತೆ ಆ ಮನೆಯ ಬಾಗಿಲು ತೆರೆಯಲಿಲ್ಲ. ಗಾಯ ಕೊಳೆಯಿತು. ಅದನ್ನು ಹೇಳುವಾಗ ಜಿಲಿಯನ್ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು, ಆಗ ನನ್ನ ಬಾಯಿಂದ ಬಂತು, ನಡೆಯೋರನ್ನ ನಾನು ತರ್ತೀನಿ, ನಮ್ಮ ಮನೆಯೋರನ್ನೇ ಕರ್ಕೊಂಡು ಬರ್ತೀನಿ. ಡಂಕನ್ ಬೇಡ ಅನ್ನಲಿಲ್ಲ, ಹುಬ್ಬು ಮಾತ್ರ ಏರಿಸಿದ.

ಕರೆದುಕೊಂಡು ಬರುವುದೇನು ಸುಲಭವೇ, ಮೈಗಂಟುವ ಕರಿಯ ಉಡುಪು, ಅದರ ತುಂಬ ಹೊಳೆಯುವ ಬೂದು ಮಣಿಗಳು, ಕ್ಯಾಮೆರಾಕ್ಕೆ ಕಾಣುವುದು ಆ ಮಣಿಗಳೇ, ಮನುಷ್ಯರಲ್ಲ, ಮಣಿ ಹೇಗೆ ಚಲಿಸಿತೋ ಮೂಳೆ ಹಾಗೆ ಚಲಿಸಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಅತ್ತೆ ಆ ಉಡುಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದ್ದು ಈಗಲೂ ಕಣ್ಣ ಮುಂದಿದೆ, ಇದನ್ನ ಹಾಕ್ಕೊಂಡು ನಾನು ಗಂಡಸರ ಮುಂದೆ ನಡೀಬೇಕಾ, ಚರ್ಚಿನೋರು ನೋಡಿದ್ರೆ ನನ್ನ ಸೀದಾ ಹಿಂದಿನ ಬೆಂಚಿಗೆ ಕಳಿಸ್ತಾರೆ, ಮೇಲೆ ಸೊಂಟಕ್ಕೊಂದು ಲಾವಾಲಾವಾ ಪಂಚೆ ಸುತ್ತಿಕೊಂಡೇ ನಡೆಯುತ್ತೇನೆ ಅಂದಳು, ಸುತ್ತಿಕೊಂಡರೆ ಮಣಿ ಮುಚ್ಚುತ್ತದೆ ಅತ್ತೆ, ಮುಚ್ಚಲಿ ಬಿಡು, ಮುಚ್ಚೋದಕ್ಕೇ ಬಟ್ಟೆ ಇರೋದು — ಕೊನೆಗೆ ಲಾವಾಲಾವಾದ ಮೇಲೆಯೇ ಮಣಿ ಅಂಟಿಸಿದೆವು. ನೇಮಿಯಾ ದೊಡ್ಡಪ್ಪ ಮಾತ್ರ ಒಂದು ಮಾತೂ ಆಡದೆ ಹಾಕಿಕೊಂಡು ಬಂದರು, ನಮ್ಮ ಕುಟುಂಬದ ಹಿರಿತನದ ಪಟ್ಟ ಹೊತ್ತವರು, ಸಭೆಯಲ್ಲಿ ಅವರು ಕೆಮ್ಮಿದರೆ ಮಾತು ನಿಲ್ಲುತ್ತದೆ, ಅವರು ಕರಿಯ ಉಡುಪಿನಲ್ಲಿ, ದೊಡ್ಡ ಹೊಟ್ಟೆಯ ಮೇಲೆ ಮಣಿಗಳ ಸಾಲು, ಮುಖದಲ್ಲಿ ಮಾತ್ರ ಸಭೆಯ ಗಾಂಭೀರ್ಯ ಒಂದು ಚೂರೂ ಕಡಿಮೆಯಿಲ್ಲ. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಿವಿಯಲ್ಲಿ, ನಿಮ್ಮ ದೊಡ್ಡಪ್ಪ ಸಮುದ್ರದ ಸೀಲಿನ ಹಾಗೆ ಕಾಣ್ತಿದಾನೆ ಕಣೇ, ನಗಬೇಡ, ನಕ್ಕರೆ ನನ್ನ ಕೊಂದೇಬಿಡ್ತಾನೆ. ನಕ್ಕೆವು. ದೊಡ್ಡಪ್ಪ ಕೇಳಿದ್ದು ಒಂದೇ, ಏನು ಮಾಡ್ಬೇಕಮ್ಮಾ. ಮನೆಯಲ್ಲಿ ಹೇಗಿರ್ತೀರೋ ಹಾಗೆ, ದೊಡ್ಡಪ್ಪ, ತಟ್ಟೆ ತಗೊಂಡು ಆ ಕಡೆಯಿಂದ ಈ ಕಡೆ, ಅಷ್ಟೇ. ಹಾಗೆಯೇ ನಡೆದರು, ಎಲ್ಲರೂ, ನಮ್ಮ ಮನೆಯವರು ಹೇಳಿದ ಮಾತು ಕೇಳಿದ್ದು ಅದೇ ಮೊದಲಿರಬೇಕು.

ಆಮೇಲೆ ಯಂತ್ರಕ್ಕೆ ಆ ಕಾಯಿಲೆ. ಕಾಯಿಲೆ ಅಂತಲೇ ಕರೆಯುತ್ತಿದ್ದೆವು ನಾವೆಲ್ಲ. ಯಂತ್ರ ಕಲಿಯಿತು, ಪಾದ ಜಾರುವುದು ನಿಂತಿತು, ಸೋಫಾದೊಳಗೆ ಮುಳುಗಿ ಕೂರುವುದು ನಿಂತಿತು, ಹೆಜ್ಜೆ ನೆಲ ಮುಟ್ಟಿದರೆ ಮುಟ್ಟಿತು ಅನ್ನುವ ಹಾಗಾಯಿತು, ಮೊದಲ ಸಲ ಅದರಲ್ಲಿ ಭಾರ ಕಂಡಿತು, ಮನುಷ್ಯರ ಭಾರ, ನಾನು ಕುಣಿದೇಬಿಡುವವಳಿದ್ದೆ — ಅಷ್ಟರಲ್ಲಿ ಪರದೆಯ ಹುಡುಗಿ ಕೋಣೆಯ ನಡುವೆ ಹೋಗುತ್ತ ಹೋಗುತ್ತ ಇದ್ದಕ್ಕಿದ್ದ ಹಾಗೆ ಬೆನ್ನು ಬಾಗಿಸಿ ಒಂದು ಕೈಯನ್ನು ನೆಲದತ್ತ ಇಳಿಸಿದಳು. ಯಾರೂ ಇಲ್ಲ ಅಲ್ಲಿ. ಖಾಲಿ ಗೋಡೆ. ಮತ್ತೆ ನೆಟ್ಟಗಾದಳು, ಹೋದಳು. ಇನ್ನೊಂದು ಸಲ ಓಡಿಸಿದರೆ ಫ್ರಿಜ್ಜಿನ ಮುಂದೆ ಬಾಗಿದಳು, ಇನ್ನೊಂದು ಸಲ ಬಾಗಿಲಾಚೆ, ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ. ಡಂಕನ್ ಮೊದಮೊದಲು ನಗುತ್ತಿದ್ದ, ನಿಮ್ಮ ದೊಡ್ಡಪ್ಪಂಗೆ ಸೊಂಟ ನೋವಾ ಪೆನೀನಾ, ಚಿಲ್ಲರೆ ಬಿದ್ದಿತ್ತಾ ನೆಲದ ಮೇಲೆ, ಆಮೇಲೆ ನಗುವುದು ಬಿಟ್ಟ. ಮೂಲ ರೆಕಾರ್ಡಿಂಗು ತೆಗೆದು ನೋಡಿದೆವು, ಅಲ್ಲಿಯೂ ಹಾಗೇ, ಬೂದು ಮಣಿಗಳ ಮನುಷ್ಯರು ಕಪ್ಪು ಬಯಲಿನಲ್ಲಿ ನಡೆಯುತ್ತ ನಡೆಯುತ್ತ ಬಾಗುತ್ತಾರೆ, ಏಳುತ್ತಾರೆ, ಒಬ್ಬರು ಇಲ್ಲಿ, ಒಬ್ಬರು ಅಲ್ಲಿ, ಯಾವ ಕ್ರಮವೂ ಇಲ್ಲ, ಯಂತ್ರಕ್ಕೆ ಕಾರಣ ಸಿಗಲಿಲ್ಲ, ಕಾರಣ ಸಿಗದ್ದನ್ನು ಅದು ಎಲ್ಲೆಂದರಲ್ಲಿ ಚೆಲ್ಲಿತು. ಎಲ್ಲರೂ ಕೂತು ಬಾಗಿದ ತುಣುಕುಗಳಿಗೆ ಕೆಂಪು ಗುರುತು ಹಾಕಿದೆವು, ನಾನೂ ಹಾಕಿದೆ, ಹುಟ್ಟಿದಾಗಿನಿಂದ ಅದನ್ನೇ ನೋಡಿದ ಕಣ್ಣು ನನ್ನದು, ಅದಕ್ಕೇ ಕಾಣಲಿಲ್ಲ, ಉಸಿರಾಡುವುದು ಯಾರ ಕಣ್ಣಿಗಾದರೂ ಕಾಣುತ್ತದೆಯೇ. ಕೆಂಪು ಗುರುತು ಎಷ್ಟಾಯಿತೆಂದರೆ ಡಂಕನ್ ಕುರ್ಚಿ ಹಿಂದಕ್ಕೆ ತಳ್ಳಿ ಹೇಳಿದ, ಇಷ್ಟೆಲ್ಲ ಕಿತ್ತು ಹಾಕಿದ್ರೆ ಉಳಿಯೋದೇನು, ಹಳೇದೇ ವಾಸಿ.

ಜಿಲಿಯನ್‌ಳ ತಲೆಗೆ ಈಗ ಹೆಡ್‌ಸೆಟ್ಟಿನ ಪಟ್ಟಿ ಬಿಗಿಯಾಗಿದೆ, ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಪರದೆಯ ಮನೆಯೊಳಗೇ ಇದ್ದ ಹಾಗೆ, ಡಂಕನ್ ಹಿಂದಿನಿಂದ ಸಡಿಲಿಸುತ್ತಿದ್ದಾನೆ, ಕೂದಲು ಸಿಕ್ಕಿಕೊಂಡಿತು, ನಿಧಾನ, ಅವಸರವಿಲ್ಲ, ಅವಸರವೇನೋ ನನಗಿದೆ. ಹಳೇದೇ ವಾಸಿ ಎಂದು ಅವನು ಅಂದ ವಾರದ ಭಾನುವಾರವೂ ಹೀಗೆಯೇ ಕಾಯುತ್ತಿದ್ದೆ, ಊಟ ಯಾವಾಗ ಮುಗಿದೀತು, ಹೊರಗೆ ಹೋಗಿ ಎಲ್ಲಾದರೂ ಒಬ್ಬಳೇ ಅಳಲಾದೀತು ಎಂದು. ಚರ್ಚು ಮುಗಿಸಿ ಎಲ್ಲರೂ ಅತ್ತೆಯ ಮನೆಗೆ ಬಂದಿದ್ದರು, ಹಿರಿಯರು ಗೋಡೆಗೊರಗಿ ಚಾಪೆಯ ಮೇಲೆ, ಟಾರೊ, ತೆಂಗಿನಹಾಲಿನಲ್ಲಿ ಬೇಯಿಸಿದ ಸೊಪ್ಪು, ಡಬ್ಬದ ದನದ ಮಾಂಸ, ಬಡಿಸುವುದು ನನ್ನ ಪಾಲು, ನಾನೇ ಚಿಕ್ಕವಳು, ಮದುವೆಯಾಗದವಳು, ಡಾಕ್ಟರೇಟು ಬಂದರೂ ತಟ್ಟೆ ಹೊರುವವಳು. ಯಾರೋ ಕೇಳಿದರು, ಗೊಂಬೆ ಕುಣಿಸೋ ಕೆಲಸ ಎಲ್ಲೀತನಕ ಬಂತಮ್ಮಾ, ನಾನು ನಡೀತಿದೆ ಎಂದೆ, ಬಾಗುತ್ತಿದೆ ಎನ್ನಲಿಲ್ಲ. ದೊಡ್ಡಪ್ಪನ ಚಹಾ ಹಿಡಿದು ಅಡುಗೆಮನೆಯಿಂದ ಹೊರಟೆ, ಒಂದು ಕೈಯಲ್ಲಿ ಲೋಟ, ಕೂತವರ ಸಾಲಿನ ಮುಂದೆ ಹಾದುಹೋಗಬೇಕು, ತುಲೌ, ತುಲೌ, ಬಾಯಿ ತಾನಾಗಿಯೇ ಹೇಳುತ್ತಿದೆ, ಕ್ಷಮಿಸಿ, ನಿಮ್ಮ ಮುಂದೆ ದಾಟುತ್ತಿದ್ದೇನೆ, ಬೆನ್ನು ತಾನಾಗಿಯೇ ಬಾಗಿದೆ, ಇನ್ನೊಂದು ಕೈ ತಾನಾಗಿಯೇ ನೆಲದತ್ತ ಇಳಿದಿದೆ — ಅಲ್ಲಿಯೇ ನಿಂತುಬಿಟ್ಟೆ. ಬಾಗಿದವಳು ಬಾಗಿದ ಹಾಗೆಯೇ. ನನ್ನ ಬೆನ್ನು ನನಗೆ ತಿಳಿಯಿತು, ಸೊಂಟದಿಂದ ಎಷ್ಟು, ಭುಜದಿಂದ ಎಷ್ಟು, ಕೈ ಎಷ್ಟು ಕೆಳಗೆ, ಆ ಕೆಂಪು ಗುರುತಿನ ಒಂದೊಂದು ತುಣುಕೂ ನನ್ನ ಮೂಳೆಯೊಳಗೇ ಓಡುತ್ತಿತ್ತು, ಅತ್ತೆ ಕೂಗಿದಳು, ಏನೇ ಸೊಂಟ ಹಿಡ್ಕೊಂಡಿತಾ, ಚಹಾ ಆರ್ತಿದೆ, ದೊಡ್ಡಪ್ಪ ಕೈ ಚಾಚಿದರು, ನಾನು ಲೋಟ ಕೊಟ್ಟು ಕೇಳಿದೆ, ದೊಡ್ಡಪ್ಪ, ಆವತ್ತು ಶೆಡ್ಡಲ್ಲಿ ನಡೀವಾಗ ಯಾರ ಮುಂದೆ ಬಗ್ಗಿದ್ರಿ ನೀವು. ದೊಡ್ಡಪ್ಪ ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದರು, ಆ ಕೆಂಪು ಗಡ್ಡದೋನು ಕೂತಿದ್ನಲ್ಲಮ್ಮಾ.

ಕೂತಿದ್ದ. ಡಂಕನ್ ಕೂತಿದ್ದ! ಮೈ ಜುಮ್ಮೆಂದಿತು, ಆ ಭಾನುವಾರ ಪೂರ್ತಿ ನಗುತ್ತಲೇ ಇದ್ದೆ, ಪಾತ್ರೆ ತೊಳೆಯುವಾಗಲೂ, ಸೋಮವಾರ ಕೋಟನ್ನೂ ಬಿಚ್ಚದೆ ಅವನ ಮೇಜಿನ ಮುಂದೆ ನಿಂತೆ, ಡಂಕನ್, ನಮ್ಮೋರು ನಡೀತಿದ್ದಾಗ ನೀನು ಎಲ್ಲಿ ಕೂತಿದ್ದೆ. ಎಲ್ಲಿ ಅಂದ್ರೆ, ಹೀಟರ್ ಪಕ್ಕ, ಸ್ಟೂಲ್ ಮೇಲೆ, ಹೆಪ್ಪುಗಟ್ಟೋ ಚಳಿ ಇತ್ತಲ್ಲ. ಹೀಟರ್ ಎಲ್ಲಿತ್ತು. ಎಲ್ಲೆಲ್ಲೋ, ಗಾಳಿ ಬೀಸೋ ಕಡೆ ಬಿಟ್ಟು ಇನ್ನೊಂದು ಕಡೆ ಎಳ್ಕೊಂಡು ಹೋಗ್ತಿದ್ದೆ, ಯಾಕೆ. ಶೆಡ್ಡಿನ ಮೂಲೆಯಲ್ಲಿ ತೂಗುಹಾಕಿದ್ದ ಸಾದಾ ಕ್ಯಾಮೆರಾದ ವಿಡಿಯೊ ಹಾಕಿದೆ, ಅದನ್ನು ಯಾರೂ ತೆರೆದೇ ಇರಲಿಲ್ಲ, ಅದರಲ್ಲಿ ಮಣಿಯಿದ್ದವರೂ ಕಾಣುತ್ತಾರೆ, ಮಣಿಯಿಲ್ಲದವರೂ ಕಾಣುತ್ತಾರೆ, ದೊಡ್ಡಪ್ಪ ತಟ್ಟೆ ಹಿಡಿದು ಗಂಭೀರವಾಗಿ ಬರುತ್ತಾರೆ, ಕಂಬದ ಪಕ್ಕ ಸ್ಟೂಲಿನ ಮೇಲೆ ಡಂಕನ್, ಬಾಯಿ ತುಂಬ ಸ್ಯಾಂಡ್‌ವಿಚ್, ದೊಡ್ಡಪ್ಪ ಅವನ ಮುಂದೆ ಬಾಗುತ್ತಾರೆ, ಕೈ ಇಳಿಸುತ್ತಾರೆ, ದಾಟುತ್ತಾರೆ, ಡಂಕನ್ ಅಗಿಯುತ್ತಲೇ ಇದ್ದಾನೆ. ಅತ್ತೆ ಬರುತ್ತಾಳೆ, ಈಗ ಸ್ಟೂಲು ಬಾಗಿಲ ಹತ್ತಿರ, ಅತ್ತೆ ಅಲ್ಲಿ ಬಾಗುತ್ತಾಳೆ, ಅವಳಿಗೂ ಅವನು ಕಾಣುತ್ತಾನೆ, ಅವನಿಗೆ ಮಾತ್ರ ಅವಳು ಕಾಣುವುದಿಲ್ಲ. ನಿಂಗೇ ಕಣಯ್ಯಾ ಅವರೆಲ್ಲ ಬಗ್ಗಿದ್ದು, ನಾವು ಕಾಯಿಲೆ ಅಂದ್ವಲ್ಲ ಅದು ನಿನಗೆ ಕೊಟ್ಟ ಮರ್ಯಾದೆ. ಡಂಕನ್‌ನ ಕಿವಿ ಅವನ ಗಡ್ಡದಷ್ಟೇ ಕೆಂಪಾದದ್ದನ್ನು ನಾನು ಅಲ್ಲೇ ಕಂಡೆ, ಪರದೆಯ ಮೇಲೆ ಅವನಿನ್ನೂ ಅಗಿಯುತ್ತಿದ್ದ, ನಿಲ್ಸು ಅದನ್ನ, ಅಂದ, ಮೆಲ್ಲಗೆ.

ಆಮೇಲೆ ಮಾಡಿದ್ದೆಲ್ಲ ಬರಿ ದುಡಿಮೆ, ಸುಖದ ದುಡಿಮೆ, ಆ ವಿಡಿಯೊ ನೋಡಿ ನೋಡಿ ಒಂದೊಂದು ರೆಕಾರ್ಡಿಂಗಿನ ಕಪ್ಪು ಬಯಲಿನಲ್ಲೂ ಸ್ಟೂಲು ಇದ್ದ ಜಾಗದಲ್ಲೇ ಒಬ್ಬ ಕೂತವನನ್ನು ಇಟ್ಟೆ, ಬರಿ ಒಂದು ದಿಮ್ಮಿಯ ಆಕಾರ, ಇಷ್ಟು ಎತ್ತರ, ಇತ್ತ ಮುಖ, ಕೆಂಪು ಗುರುತುಗಳನ್ನೆಲ್ಲ ಒಂದೊಂದಾಗಿ ತೆಗೆದೆ, ಮತ್ತೆ ಮೊದಲಿನಿಂದ ಯಂತ್ರಕ್ಕೆ ಕಲಿಸಿದೆವು. ಕಾರಣ ಸಿಕ್ಕಿತು ಅದಕ್ಕೆ. ನನ್ನ ಲೆಕ್ಕದಲ್ಲಿ ಸಿಕ್ಕಿದೆ, ನನ್ನ ಪರೀಕ್ಷೆಯಲ್ಲಿ ಸಿಕ್ಕಿದೆ, ಆದರೆ ದಿಮ್ಮಿ ದಿಮ್ಮಿಯೇ, ಜೀವವಿರುವ ಮನುಷ್ಯರು ಒಳಗೆ ಹೋಗಿ ತಮಗೆ ತೋಚಿದಲ್ಲಿ ಕೂತರೆ ಏನಾಗುತ್ತದೆ ಎಂದು ಇಲ್ಲಿಯವರೆಗೆ ಯಾರೂ ನೋಡಿಲ್ಲ, ಈವತ್ತೇ ನೋಡುವುದು, ಡಂಕನ್ ಬೇಕೆಂದೇ ಹಾಗೆ ಇಟ್ಟಿದ್ದಾನೆ, ನೀನು ಹೇಳಿದ ಜಾಗದಲ್ಲಿ ಅವರು ಕೂರಲ್ಲ ಪೆನೀನಾ, ಮನುಷ್ಯರು ಹಾಗೆ ಕೂರಲ್ಲ. ನಿಜ. ಜಿಲಿಯನ್ ಕೈ ಎತ್ತಿದಳು, ಸಿದ್ಧ, ನಾನು ಗುಂಡಿ ಒತ್ತಿದೆ, ದೊಡ್ಡಪ್ಪನ ಪಕ್ಕದಲ್ಲಿದ್ದ ಅತ್ತೆ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದಳು, ಈ ಚಳಿಯಲ್ಲಿ ಬೀಸಣಿಗೆ ಯಾಕೆ ಅತ್ತೆ ಎಂದು ಕೇಳಿದರೆ ಕೈಗೆ ಅಭ್ಯಾಸ ಅನ್ನುತ್ತಾಳೆ. ಅಡುಗೆಮನೆಯ ಬಾಗಿಲಿನಿಂದ ಹುಡುಗಿ ಬಂದಳು. ಜಿಲಿಯನ್ ಕೋಣೆಯ ನಡುವೆ ನಿಂತಿದ್ದಾಳೆ, ಹುಡುಗಿ ನೆಟ್ಟಗೆ ನಡೆದು ಪಕ್ಕದಲ್ಲಿ ಸರಿದು ಹೋದಳು, ಸರಿ, ನಿಂತವರ ಮುಂದೆ ಬಾಗುವುದಿಲ್ಲ, ಸರಿಯಾಗಿದೆ, ಗೋಡೆಯ ಮುಂದೆ ಬಾಗಲಿಲ್ಲ, ಫ್ರಿಜ್ಜಿನ ಮುಂದೆ ಬಾಗಲಿಲ್ಲ. ಜಿಲಿಯನ್ ಈಗ ಮೊಣಕಾಲು ಹಿಡಿದು ನಿಧಾನವಾಗಿ ಚಾಪೆಯ ಮೇಲೆ ಕೂರುತ್ತಿದ್ದಾಳೆ, ಹುಡುಗಿ ತಿರುಗಿ ಬರುತ್ತಿದ್ದಾಳೆ, ಇನ್ನೂ ದೂರ, ಇನ್ನೂ ದೂರ — ಬಾ ನನ್ನವ್ವಾ, ಬಾ — ಹೆಜ್ಜೆ ಚಿಕ್ಕದಾಯಿತು, ಕಂಡಿತಾ, ಹೆಜ್ಜೆ ಚಿಕ್ಕದಾಯಿತು, ಬೆನ್ನು ಇಳಿಯಿತು, ಕೈ ಇಳಿಯಿತು, ಜಿಲಿಯನ್‌ಳ ಮುಂದೆ ಬಾಗಿ, ಬಾಗಿಯೇ ದಾಟಿ, ಆಚೆ ಹೋದ ಮೇಲೆ ಮೆಲ್ಲಗೆ ನೆಟ್ಟಗಾದಳು. ಜಿಲಿಯನ್, ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡವಳು, ಅಲ್ಲಿಂದಲೇ ಮೆತ್ತಗೆ, ಥ್ಯಾಂಕ್ಯೂ ಡಿಯರ್, ಅಂದಳು, ಇಲ್ಲದ ಹುಡುಗಿಗೆ.

ಗೆದ್ದೆ, ಗೆದ್ದೆ, ಗೆದ್ದೆ, ಕೂಗಬೇಕು ಅನ್ನಿಸುತ್ತಿದೆ, ಕೂಗಲಿಲ್ಲ, ಮೇಜಿನ ಅಂಚು ಹಿಡಿದುಕೊಂಡೆ, ಡಂಕನ್ ಅನ್ನುತ್ತಿದ್ದಾನೆ, ಒಂದ್ಸಲ ಆಗಿದ್ದು ಲೆಕ್ಕಕ್ಕಿಲ್ಲ, ಬಾಗಿಲಲ್ಲೇ ಕೂತ್ಕೊಳ್ಳಿ ನೋಡೋಣ. ಜಿಲಿಯನ್ ಬಾಗಿಲಲ್ಲಿ ಕೂತಳು, ನಮ್ಮವರು ಯಾರೂ ಬಾಗಿಲಲ್ಲಿ ಕೂರುವುದಿಲ್ಲ, ಯಂತ್ರ ಅಂಥದ್ದನ್ನು ನೋಡಿಯೇ ಇಲ್ಲ, ಹುಡುಗಿ ಬಂದಳು, ನಿಂತಳು, ಒಂದು ಕಾಲು ಹಿಂದಿಟ್ಟಳು, ಅಡ್ಡ ತಿರುಗಿದಳು, ಬಾಗಿ ಕೈ ಇಳಿಸಿ ಉಳಿದ ಒಂಚೂರು ಜಾಗದಲ್ಲೇ ನುಸುಳಿ ಹೋದಳು, ಅದನ್ನು ನಾನು ಕಲಿಸಿರಲಿಲ್ಲ, ಯಾರೂ ಕಲಿಸಿರಲಿಲ್ಲ, ಯಂತ್ರವೇ ಆ ಗಳಿಗೆಯಲ್ಲಿ ಕಂಡುಕೊಂಡಿತು, ನಮ್ಮ ಮನೆಯ ಹೆಣ್ಣುಮಗಳು ಯಾವಳೇ ಆಗಲಿ ಹಾಗೆಯೇ ಮಾಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು, ನಾಚಿಕೆಯೇನಿಲ್ಲ, ಇರಲಿ. ಜಿಲಿಯನ್ ಎದ್ದರೆ ಹುಡುಗಿ ನೆಟ್ಟಗೆ, ಕೂತರೆ ಬಾಗು, ಎದ್ದರೆ ನೆಟ್ಟಗೆ. ಕೊನೆಗೆ ಡಂಕನ್ ತಾನೇ ಹೆಡ್‌ಸೆಟ್ ಕಸಿದುಕೊಂಡು ಕೂತ, ಕಾಲು ಉದ್ದಕ್ಕೆ ಚಾಚಿ, ಬೂಟು ಸಮೇತ, ಅತ್ತೆ ಚಾಪೆಯ ಮೇಲೆ ಬೂಟು ನೋಡಿ ನಾಲಿಗೆ ಕಚ್ಚಿಕೊಂಡಳು, ನಾನು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ, ಹುಡುಗಿ ಬಂದಳು, ಆ ಚಾಚಿದ ಕಾಲಿಗೆ ಸುತ್ತು ಹಾಕಿ, ಅವನ ಮುಂದೆ ಬಾಗಿ, ಕೈ ಇಳಿಸಿ — ಡಂಕನ್ ಸರಕ್ಕನೆ ಕಾಲು ಮಡಚಿಕೊಂಡ. ಯಾರೂ ಹೇಳಿರಲಿಲ್ಲ ಅವನಿಗೆ. ಮೈಯೇ ಮಡಚಿಕೊಂಡಿತು. ಅತ್ತೆ ತೊಡೆ ತಟ್ಟಿಕೊಂಡು ನಕ್ಕಳು, ನೋಡ್ದ್ಯಾ, ಗೊಂಬೆ ಬಂದು ಗಡ್ಡದೋನಿಗೆ ಕೂರೋದು ಕಲಿಸ್ತು, ಯಾರ ಮನೆ ಮಗು ಅದು, ನಮ್ಮನೇದು ತಾನೇ. ಡಂಕನ್ ಹೆಡ್‌ಸೆಟ್ ತೆಗೆದು ನೇರ ದೊಡ್ಡಪ್ಪನ ಕಡೆ ತಿರುಗಿ ಹೇಳಿದ, ಅವತ್ತು ನೀವು ನನ್ನ ಮುಂದೆ ದಾಟಿದಾಗ ನಾನು ನೋಡ್ಲಿಲ್ಲ, ತಪ್ಪಾಯ್ತು. ದೊಡ್ಡಪ್ಪ ತಲೆದೂಗಿದರು, ಅಷ್ಟೇ. ನನ್ನ ಕಡೆ ತಿರುಗಿದ, ಹಳೇದನ್ನ ತೆಗೆದುಬಿಡು ಪೆನೀನಾ, ಇನ್ನು ಇವರದೇ ಇರ್ಲಿ, ಎಲ್ಲಾ ಮನೆಗೂ ಇವರದೇ.

ಎಲ್ಲಾ ಮನೆಗೂ. ಅವರೆಲ್ಲ ಈಗ ಬನ್ನು ತಿನ್ನುತ್ತ ಪರದೆಯ ಹತ್ತಿರ ನಿಂತು ಮಾತಾಡುತ್ತಿದ್ದಾರೆ, ಕಾಲೇಜಿಗೆ ಯಾವಾಗ, ಇನ್ನೆಷ್ಟು ಮನೆ, ಟೋಂಗಾದವರ ಮನೆ, ಫಿಜಿಯವರ ಮನೆ, ಆದರೆ ಅವರ ಕಡೆ ಹೇಗೆ ದಾಟುತ್ತಾರೋ ಅವರನ್ನೇ ಕರೆದು ಕೇಳಬೇಕು, ಮಾತು ಕಿವಿಗೆ ಬೀಳುತ್ತಿದೆ, ಒಳಗೆ ಹೋಗುತ್ತಿಲ್ಲ. ನೀನು ಕೂತು ನೋಡಿದ್ಯೇನೇ, ಅತ್ತೆ ಕೇಳಿದಳು. ಇಲ್ಲ ಅತ್ತೆ, ನಾನು ಆ ಕಡೆಯಿಂದ ಕೆಲಸ ಮಾಡೋಳು. ಮಾಡಿದೋಳೇ ಕೂರದಿದ್ರೆ ಹ್ಯಾಗೆ, ಕೂತ್ಕೋ ಹೋಗು, ಒಂದ್ಸಲ ಆದ್ರೂ ಕೂತ್ಕೋ, ಎಂದು ಭುಜ ಹಿಡಿದು ತಳ್ಳಿದಳು, ಕೂತೆ, ಚಾಪೆಯ ಒರಟು ಕಾಲಿಗೆ ಹತ್ತಿತು, ಹೆಡ್‌ಸೆಟ್ಟಿನ ಸ್ಪಂಜು ಇಬ್ಬರ ಹಣೆಯ ಬೆವರಿನಿಂದ ಒದ್ದೆ, ಕಣ್ಣ ಮುಂದೆ ಅತ್ತೆಯ ಕೋಣೆ, ಇಷ್ಟು ಕೆಳಗಿನಿಂದ ನಾನು ಅದನ್ನು ನೋಡಿದ್ದೇ ಕಡಿಮೆ, ಹಬ್ಬದಲ್ಲಿ, ಸಾವಿನ ಮನೆಯಲ್ಲಿ, ಯಾವಾಗಲೂ ನಿಂತೇ ಇದ್ದವಳು, ತಟ್ಟೆ ಹಿಡಿದೇ ಇದ್ದವಳು, ಕೂತವರು ಮಾಡು ನೋಡುತ್ತಾರೆ, ನಾನು ಚಾಪೆ ನೋಡುತ್ತೇನೆ. ಹುಡುಗಿ ಬರುತ್ತಿದ್ದಾಳೆ. ಬಲಗಾಲು ಒಂಚೂರು ಎಳೆಯುತ್ತದೆ, ಅದು ದೊಡ್ಡಪ್ಪನದು, ಸೊಂಟದ ತಿರುವು ಅತ್ತೆಯದು, ಎಲ್ಲರೂ ಅವಳೊಳಗೆ ಕಲಸಿಹೋಗಿದ್ದಾರೆ, ನನ್ನ ಮುಂದೆ ಬಾಗಿದಳು, ಕೈ ಇಳಿಸಿದಳು, ಯಂತ್ರಕ್ಕೆ ಚಿಕ್ಕವರು ದೊಡ್ಡವರು ಗೊತ್ತಿಲ್ಲ, ಕೂತವರು ಗೊತ್ತು, ಅದಕ್ಕೇ ಬಾಗಿತು, ಲೆಕ್ಕದ ಮಾತು — ಲೆಕ್ಕದ ಮಾತೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಹೆಡ್‌ಸೆಟ್ ತೆಗೆದೆ, ಬೆಳಕು ಕಣ್ಣಿಗೆ ಚುಚ್ಚಿತು, ಶೆಡ್ಡು, ಕಂಬಗಳು, ಅವರೆಲ್ಲ ಅಲ್ಲಿ ಪರದೆಯ ಹತ್ತಿರವೇ ನಿಂತಿದ್ದಾರೆ, ಚಾಪೆಯ ಮೇಲೆ ನಾನೊಬ್ಬಳೇ, ಏಳಬೇಕು, ಚಹಾ ಕೊಡಬೇಕು ಎಲ್ಲರಿಗೂ, ಅಷ್ಟರಲ್ಲಿ ದೊಡ್ಡಪ್ಪ. ಒಂದು ಕೈಯಲ್ಲಿ ತಾವೇ ಬಗ್ಗಿಸಿಕೊಂಡ ಚಹಾದ ಲೋಟ, ಹೀಟರಿನ ಕಡೆಗೆ ಹೊರಟಿದ್ದಾರೆ, ಚಾಪೆಯ ಹಿಂದುಗಡೆ ಬೇಕಾದಷ್ಟು ಜಾಗವಿದೆ, ಹಿಂದಿನಿಂದ ಹೋಗಲಿಲ್ಲ, ಮುಂದಿನಿಂದ ಬಂದರು, ನಾನು ಧಡಕ್ಕನೆ ಏಳಹೋದೆ, ಕೂತಿರಮ್ಮಾ, ಅಂದರು. ಹೆಜ್ಜೆ ಚಿಕ್ಕದಾಯಿತು. ಇಲ್ಲ, ಇದು ಪರದೆಯಲ್ಲ, ನಾನು ಹೆಡ್‌ಸೆಟ್ ತೆಗೆದಿದ್ದೇನೆ, ತೊಡೆಯ ಮೇಲಿದೆ ಅದು, ಭಾರ ತಿಳಿಯುತ್ತಿದೆ, ಈ ಕಡೆ ಬೇರೆ ಯಾರೂ ಕೂತಿಲ್ಲ, ಅತಿಥಿಗಳು ಯಾರೂ ಇಲ್ಲ, ನಾನು, ಬರಿ ನಾನು, ಆ ದೊಡ್ಡ ಬೆನ್ನು ಇಳಿಯುತ್ತಿದೆ, ಸಭೆಯಲ್ಲಿ ಕೆಮ್ಮಿದರೆ ಮಾತು ನಿಲ್ಲಿಸುವ ಮನುಷ್ಯ, ತುಲೌ, ಅಂದರು, ಮೆಲ್ಲಗೆ, ನನಗೆ, ತಟ್ಟೆ ಹೊರುವ ಚಿಕ್ಕವಳಿಗೆ, ಕೈ ಇಳಿಯಿತು, ನಮ್ಮ ಯಂತ್ರಕ್ಕೆ ಇನ್ನೂ ಬೆರಳು ಬರುವುದಿಲ್ಲ, ಅದರ ಕೈಯೆಲ್ಲ ಮುಷ್ಟಿ, ಇದು ಬಿಡಿಸಿದ ಕೈ, ಬೆರಳಿನ ಗಂಟುಗಳು, ಒರಟು ಉಗುರು, ಚಾಪೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಆ ಕೈ, ನನ್ನ ಮುಂದೆ, ಕೆಳಗೆ, ಇನ್ನೂ ಕೆಳಗೆ, ಬೆರಳು ಬಿಡಿಸಿದ ಆ ಕೈ —